ಘಟಪ್ರಭೆಯ ಸೀಮೆಗೆ ಬಂದ ಸುವಾರ್ತೆಯ ಹಾಡು

ಬೆಳಗಾವಿ ಜಿಲ್ಲೆಯ ಯಮಕನಮರಡಿಯ ಸುತ್ತಲಿನ ಸೀಮೆ ಹಾಡು ಕೇಳಿಯೇ ಬೆಳೆದದ್ದು. ಶ್ರೀಕೃಷ್ಣ ಪಾರಿಜಾತವನ್ನು ಬಯಲಾಟವಾಗಿ ರಂಗಕ್ಕೆ ತಂದ ತಮ್ಮಣ್ಣ ಕುಲಗೋಡದವನು. ಅದೇ ಪಾರಿಜಾತವನ್ನು ಹಾಡಿ ಕುಣಿದು ಊರೂರಿನ ಜನರನ್ನು ಬೆಳತನಕ ಕೂಡ್ರಿಸಿದ ನಿಂಗಮ್ಮ ಕೌಜಲಗಿಯವಳು. ಜನಪದದ ಲಯವನ್ನೇ ಕಾವ್ಯ ಮಾಡಿಕೊಂಡ ಚಂದ್ರಶೇಖರ ಕಂಬಾರರದು ಹುಕ್ಕೇರಿ ತಾಲ್ಲೂಕಿನ ಘೋಡಗೇರಿ. ಹಂತಿಯ ಪದ, ಡೊಳ್ಳಿನ ಪದ, ಮಠದ ಭಜನೆ, ಮೊಹರಮ್ಮಿನ ರಿವಾಯತ ಪದ, ಮದುವೆಯ ಸೋಬಾನ ಎಲ್ಲವೂ ಇಲ್ಲಿಯ ಕಿವಿಗೆ ಪರಿಚಿತ. ಇಂಥ ನೆಲಕ್ಕೆ ಯಾವ ಧರ್ಮ ಬಂದರೂ ಮೊದಲು ಹಾಡಾಗಿಯೇ ಬರಬೇಕಿತ್ತು.

ಕ್ರೈಸ್ತಧರ್ಮ ಈ ಕಡೆ ಬಂದಾಗ ಅದರ ಕೈಯಲ್ಲಿ ಅಂಥ ಹಾಡು ಇರಲಿಲ್ಲ.

1818ರ ಏಪ್ರಿಲ್‌ನಲ್ಲಿ ಥಾಮಸ್ ಮನ್ರೋನ ಪಡೆ ಬೆಳಗಾವಿಯ ಕೋಟೆಯನ್ನು ಹಿಡಿಯಿತು. ದಂಡು ಬಂದು ನೆಲೆನಿಂತ ಎರಡೇ ವರ್ಷಕ್ಕೆ, 1820ರಲ್ಲಿ, ಬಳ್ಳಾರಿಯಿಂದ ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ ಬೆಳಗಾವಿಗೆ ಬಂದರು. ಮುಂದೆ ವಿಲಿಯಂ ಬೈನನ್ ಅವರ ಜೊತೆಯಾದರು. ಬೆಳಗಾವಿಯ ಬೈನನ್ ಸ್ಮಿತ್ ಶಾಲೆಯ ಹೆಸರಿನಲ್ಲಿ ಅವರ ನೆನಪು ಇನ್ನೂ ಉಳಿದಿದೆ. ಅತ್ತ ಬಳ್ಳಾರಿಯಲ್ಲಿ 1810ರಿಂದ ಬೀಡುಬಿಟ್ಟಿದ್ದ ಜಾನ್ ಹ್ಯಾಂಡ್ಸ್ ಕನ್ನಡ ಕಲಿತು ಸತ್ಯವೇದವನ್ನು ಅನುವಾದಿಸುತ್ತಿದ್ದರು. ಇಡೀ ಗ್ರಂಥ 1831ರ ಹೊತ್ತಿಗೆ ಅಚ್ಚಾಯಿತು. ಮತ್ತೊಂದು ದಿಕ್ಕಿನಲ್ಲಿ, 1852ರಲ್ಲಿ, ಅಮೆರಿಕದ ರಾಯಲ್ ವೈಲ್ಡರ್ ಕೊಲ್ಲಾಪುರದಲ್ಲಿ ಮಿಷನ್ ತೆರೆದರು. ಬೆಳಗಾವಿಯಿಂದ ಕೊಲ್ಲಾಪುರ, ಪುಣೆಯ ಕಡೆಗೆ ಹೋಗುವ ದಾರಿಯಲ್ಲೇ ಯಮಕನಮರಡಿ ಇದೆ. ಹೀಗೆ ಈ ಸೀಮೆ ಕನ್ನಡದ ಸುವಾರ್ತೆಗೂ ಮರಾಠಿಯ ಸುವಾರ್ತೆಗೂ ನಡುವಿನ ನೆಲವಾಯಿತು.

ಗ್ರಂಥವೇನೋ ಅಚ್ಚಾಯಿತು, ಓದುವವರು ಎಲ್ಲಿದ್ದರು? ಕೇರಿಯ ಜನಕ್ಕೆ ಅಕ್ಷರ ಕಲಿಸಿದವರೇ ಇರಲಿಲ್ಲ. ಅವರಿಗೆ ಯೇಸುವಿನ ಕಥೆ ತಲುಪಬೇಕಾದರೆ ಅದು ಕಿವಿಯಿಂದ ಕಿವಿಗೆ ಹೋಗಬೇಕು, ಕೆಲಸದ ನಡುವೆ ಗುನುಗುವಂತಿರಬೇಕು. ಹಾಡು ಆಗ ಆರಾಧನೆಯ ಅಲಂಕಾರವಾಗಿರಲಿಲ್ಲ. ಓದಲು ಬಾರದವರ ಸತ್ಯವೇದವೇ ಅದಾಗಿತ್ತು. ಈ ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನ ಇನ್ನೂರು ವರ್ಷಗಳ ಕಥೆ ಸ್ಪಷ್ಟವಾಗುತ್ತದೆ.

1834ರ ಅಕ್ಟೋಬರ್‌ನಲ್ಲಿ ಬಾಸೆಲ್ ಮಿಷನ್ನಿನ ಹೇಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಮೂರು ವರ್ಷದಲ್ಲಿ ಮಿಷನ್ ಘಟ್ಟ ಹತ್ತಿ ಧಾರವಾಡಕ್ಕೆ, ಆಮೇಲೆ ಹುಬ್ಬಳ್ಳಿಗೆ, ಗದಗಿನ ಪಕ್ಕದ ಬೆಟಗೇರಿಗೆ ಹಬ್ಬಿತು. ಅವರು ತಮ್ಮ ಊರಿನ ಜರ್ಮನ್ ಸಂಗೀತಗಳನ್ನು, ಅಂದರೆ ಆರಾಧನೆಯ ಹಾಡುಗಳನ್ನು, ಕನ್ನಡಕ್ಕೆ ತಿರುಗಿಸಿದರು. ಅರ್ಥ ಬಂತು, ಲಯ ಬರಲಿಲ್ಲ. ಜರ್ಮನ್ ಹಾಡು ನಡೆಯುವುದು ಉಚ್ಚಾರದ ಒತ್ತಿನ ಮೇಲೆ. ಕನ್ನಡದ ಹಾಡು ನಡೆಯುವುದು ಮಾತ್ರೆಯ ಮೇಲೆ, ಗುರು ಲಘುಗಳ ಮೇಲೆ. ಹೊರಗಿನ ಮಟ್ಟಿಗೆ ಕನ್ನಡದ ಮಾತನ್ನು ಕೂಡ್ರಿಸಿದಾಗ ಎಳೆಯಬಾರದ ಹ್ರಸ್ವ ಅಕ್ಷರ ಉದ್ದವಾಗುತ್ತದೆ, ನಿಲ್ಲಬೇಕಾದ ದೀರ್ಘ ಚಿಕ್ಕದಾಗುತ್ತದೆ, ಒಂದು ಪದ ಎರಡು ತುಂಡಾಗಿ ಎರಡು ಸಾಲಿಗೆ ಬೀಳುತ್ತದೆ. ಹಾಡುವವನಿಗೆ ಭಕ್ತಿ ಎಷ್ಟಿದ್ದರೂ ನಾಲಗೆ ತಡವರಿಸುತ್ತದೆ. ಭಜನೆ ಕೇಳಿ ಬೆಳೆದ ಕಿವಿಗೆ ಈ ತೊಡಕು ಕೂಡಲೇ ತಿಳಿಯುತ್ತದೆ.

ಇದನ್ನು ಅರಿತವರು ಮಿಷನ್ನಿನ ಒಳಗೇ ಇದ್ದರು. ಹರ್ಮನ್ ಮೊಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದವರು; 1850ರಲ್ಲಿ ಹರಿದಾಸರ ಪದಗಳನ್ನು ಕೂಡಿಸಿ ಅಚ್ಚುಹಾಕಿಸಿದವರು. ಪಾದ್ರಿಯೊಬ್ಬ ದಾಸರ ಪದಗಳನ್ನು ಕಲ್ಲಚ್ಚಿಗೆ ಏರಿಸಿದ್ದು ಬರೀ ವಿದ್ವತ್ತಿನ ಹವ್ಯಾಸಕ್ಕೆ ಅಲ್ಲ. ಈ ಜನ ದೇವರನ್ನು ಹೇಗೆ ಕರೆಯುತ್ತಾರೆ, ಯಾವ ಮಾತಿಗೆ ಇವರ ಕಣ್ಣು ತುಂಬುತ್ತದೆ ಎಂಬುದನ್ನು ತಿಳಿಯುವ ಹಂಬಲವೂ ಅದರ ಹಿಂದಿತ್ತು.

ಇನ್ನೊಬ್ಬರು ಫರ್ಡಿನಾಂಡ್ ಕಿಟ್ಟೆಲ್. 1832ರಲ್ಲಿ ಜರ್ಮನಿಯ ಉತ್ತರ ಕರಾವಳಿಯಲ್ಲಿ ಹುಟ್ಟಿ, 1853ರಲ್ಲಿ ಧಾರವಾಡಕ್ಕೆ ಬಂದ ಯುವಕ. ಕನ್ನಡಿಗರಿಗೆ ಕನ್ನಡಿಗನಾಗಬೇಕು ಎಂಬುದು ಅವರ ಹಟ. ಮಿಷನ್ ಬಂಗಲೆಯ ಬದುಕು ಅವರಿಗೆ ಒಗ್ಗಲಿಲ್ಲ. ಮೇಲಿನವರಿಗೆ ಅವರ ರೀತಿ ಒಗ್ಗಲಿಲ್ಲ. 1862ರಲ್ಲಿ ಅವರು ‘ಕಥಾಮಾಲೆ’ ಪ್ರಕಟಿಸಿದರು. ಕ್ರಿಸ್ತನ ಬದುಕಿನ ಕಥೆಯನ್ನು ಈ ನಾಡಿನ ಛಂದಸ್ಸಿನಲ್ಲಿ ಹೇಳುವ ಪ್ರಯತ್ನ ಅದು. 1894ರ ಅವರ ಕನ್ನಡ ಇಂಗ್ಲಿಷ್ ನಿಘಂಟನ್ನು ನಾಡೆಲ್ಲ ಬಲ್ಲದು, ಕಥಾಮಾಲೆ ಬಲ್ಲವರು ಕಡಿಮೆ. ಆದರೆ ಆರಾಧನೆಯ ಇತಿಹಾಸ ಬರೆಯುವವರಿಗೆ ಆ ಪುಟ್ಟ ಪುಸ್ತಕವೇ ದೊಡ್ಡದು. ಸುವಾರ್ತೆ ತನ್ನ ತಿರುಳನ್ನು ಬಿಡದೆ ಕನ್ನಡದ ನಡೆ ಕಲಿಯಬಲ್ಲದು ಎಂದು ಅದು ತೋರಿಸಿತು.

ಗಡಿಯಾಚೆ ಮರಾಠಿಯಲ್ಲಿ ಇದೇ ಕೆಲಸ ಇನ್ನೂ ಎತ್ತರಕ್ಕೆ ಏರಿತು. ನಾರಾಯಣ ವಾಮನ ಟಿಳಕರು 1895ರಲ್ಲಿ ಕ್ರೈಸ್ತರಾದ ಕವಿ. ಜ್ಞಾನೇಶ್ವರ, ತುಕಾರಾಮರ ಅಭಂಗಗಳ ದಾರಿಯಲ್ಲೇ ಅವರು ಕ್ರಿಸ್ತನನ್ನು ಹಾಡಿದರು. ಯೇಸುವನ್ನು ಗುರುವೆಂದೂ ತಾಯಿಯೆಂದೂ ಕರೆದರು. ಪೂರ್ತಿಯಾಗದೆ ಉಳಿದ ಅವರ ‘ಖ್ರಿಸ್ತಾಯನ’ವನ್ನು ಮುಂದುವರಿಸಿದ್ದು ಅವರ ಹೆಂಡತಿ ಲಕ್ಷ್ಮೀಬಾಯಿ. ಮರಾಠಿ ಸಭೆಗಳ ‘ಉಪಾಸನಾ ಸಂಗೀತ’ದಲ್ಲಿ ಟಿಳಕರ ಹಾಡುಗಳು ಇಂದಿಗೂ ಇವೆ. ಅದು ಎರಡು ಭಾಷೆ ಆಡುವ ನಮ್ಮ ಗಡಿಸೀಮೆಗೆ ದೂರದ ದನಿಯಲ್ಲ.

ಟಿಳಕರ ಕಾಲದಲ್ಲೇ ಪುಣೆಯ ಹತ್ತಿರದ ಕೇಡಗಾಂವದಲ್ಲಿ ನಡೆದ ಘಟನೆಯೊಂದನ್ನು ಇಲ್ಲಿ ನಿಧಾನವಾಗಿ ನೋಡಬೇಕು. ಇಂದಿನ ಅಬ್ಬರದ ಆರಾಧನೆಯ ಬಗ್ಗೆ ಮಾತಾಡುವವರು ಅದನ್ನು ಮರೆಯುತ್ತಾರೆ. ಪಂಡಿತಾ ರಮಾಬಾಯಿ 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು. ಅವರ ಮನೆತನದ ನಂಟು ಕಾರ್ಕಳ ಕಡೆಯ ಮಾಳ ಎಂಬ ಊರಿನದು. 1890ರ ದಶಕದ ಕೊನೆಯಲ್ಲಿ ಬರ ಬಂದಾಗ ಅವರು ಹಸಿದ ಊರುಗಳಿಗೆ ಹೋಗಿ ಅನಾಥ ಹುಡುಗಿಯರನ್ನು, ಎಳೆ ವಿಧವೆಯರನ್ನು ಕೈಹಿಡಿದು ಕರೆತಂದು ಕೇಡಗಾಂವದ ತಮ್ಮ ಮುಕ್ತಿ ಸದನದಲ್ಲಿ ಇರಿಸಿಕೊಂಡರು. 1905ರಲ್ಲಿ ಆ ಹುಡುಗಿಯರ ಪ್ರಾರ್ಥನೆ ಉಜ್ಜೀವನವಾಗಿ ಹೊತ್ತಿಕೊಂಡಿತು. ಅಳು, ಕೂಗು, ಎಲ್ಲರೂ ಒಮ್ಮೆಗೇ ದನಿ ಎತ್ತಿ ಬೇಡುವುದು ಎಲ್ಲವೂ ಅಲ್ಲಿತ್ತು. ಮರುವರ್ಷ ಅಮೆರಿಕದ ಲಾಸ್ ಏಂಜಲೀಸಿನ ಅಜೂಸಾ ಬೀದಿಯಲ್ಲಿ, ಗುಲಾಮರಾಗಿದ್ದ ತಂದೆತಾಯಿಯ ಮಗ ವಿಲಿಯಂ ಸೀಮೋರ್ ನಡೆಸಿದ ಕೂಟಗಳಲ್ಲೂ ಇದೇ ಬಗೆಯ ಪ್ರಾರ್ಥನೆ ಕೇಳಿಬಂತು. ಇಂದಿನ ಪೆಂಟೆಕೋಸ್ಟ್ ಸಭೆಗಳು ತಮ್ಮ ಬೇರನ್ನು ಅಲ್ಲಿ ಹುಡುಕುತ್ತವೆ.

ಆದ್ದರಿಂದ ಚಪ್ಪಾಳೆ ತಟ್ಟಿ ಹಾಡುವುದೋ, ಕಣ್ಣೀರಿಟ್ಟು ಪ್ರಾರ್ಥಿಸುವುದೋ ಸುವಾರ್ತೆಗೆ ಹೊರತು ಎನ್ನುವುದು ಸರಿಯಲ್ಲ. ಮುಕ್ತಿ ಸದನದ ಹುಡುಗಿಯರು ಪ್ರಾರ್ಥನೆ ಮುಗಿಸಿ ಏಳುತ್ತಿದ್ದದ್ದು ನೇಯ್ಗೆಗೆ, ಹೊಲದ ಕೆಲಸಕ್ಕೆ, ಅಚ್ಚಿನ ಮೊಳೆ ಜೋಡಿಸುವುದಕ್ಕೆ. ರಮಾಬಾಯಿ ಬಡವರಿಗೆ ತಿಳಿಯುವ ಮರಾಠಿಯಲ್ಲಿ ಸತ್ಯವೇದವನ್ನು ಅನುವಾದಿಸಿದರು. ಆ ಹುಡುಗಿಯರೇ ಅದನ್ನು ಅಚ್ಚಿಗೆ ಜೋಡಿಸಿದರು. ಅಲ್ಲಿ ಆವೇಶವೂ ಅನ್ನವೂ ಒಂದೇ ಸೂರಿನ ಕೆಳಗಿದ್ದವು.

ಅದೇ ಕಾಲದ ಮತ್ತೊಂದು ಆರಾಧನೆ ಮಿರಜದಲ್ಲಿ ನಡೆಯುತ್ತಿತ್ತು. ಕೆನಡಾದಲ್ಲಿ ಹುಟ್ಟಿದ ವೈದ್ಯ ವಿಲಿಯಂ ವಾನ್ಲೆಸ್ ಅಲ್ಲಿ 1894ರಲ್ಲಿ ಮಿಷನ್ ಆಸ್ಪತ್ರೆ ಕಟ್ಟಿದರು. ಗೋಕಾಕ, ರಾಯಬಾಗ, ಹುಕ್ಕೇರಿಯ ಹಳ್ಳಿಗಳಲ್ಲಿ ಯಾರಿಗಾದರೂ ಕಾಯಿಲೆ ಕೈಮೀರಿದರೆ ‘ಮಿರಜಿಗೆ ಒಯ್ಯೋಣು’ ಎನ್ನುವ ಮಾತು ಬಾಯಿಗೆ ಬರುವುದು ಅಂದಿನಿಂದ. ಮಿರಜ ಸಿತಾರ, ತಂಬೂರಿ ಮಾಡುವ ಊರೂ ಹೌದು. ಒಂದೇ ಊರು ಈ ಭಾಗದ ರೋಗಿಗಳಿಗೆ ಔಷಧವನ್ನೂ ಹಾಡುವವರಿಗೆ ಶ್ರುತಿಯನ್ನೂ ಕೊಟ್ಟಿತು.

ಇತ್ತ ಬೆಳಗಾವಿಯ ಲಂಡನ್ ಮಿಷನ್ ಕೆಲಸವನ್ನು 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಮೆರಿಕದ ಮೆಥೋಡಿಸ್ಟರು ವಹಿಸಿಕೊಂಡರು. ಬೆಳಗಾವಿ ಸೀಮೆಯ ಹಳ್ಳಿಗಳಲ್ಲಿ ಸುವಾರ್ತೆಗೆ ಓಗೊಟ್ಟವರಲ್ಲಿ ಬಹಳಷ್ಟು ಜನ ಊರಾಚೆಯ ಕೇರಿಗಳವರು. ಮೇಲುಕೇರಿಯ ಗುಡಿಯ ಕಟ್ಟೆ ಹತ್ತಲಾಗದವರಿಗೆ ಇಲ್ಲಿ ಒಂದೇ ಚಾಪೆ, ಒಂದೇ ಪಾತ್ರೆಯ ಪ್ರಸಾದ ದೊರೆಯಿತು. ಕರ್ತರ ಭೋಜನದ ಸಣ್ಣ ರೊಟ್ಟಿ ತುಂಡಿಗೆ ಅವರ ಬದುಕಿನಲ್ಲಿ ಎಷ್ಟು ಬೆಲೆಯಿತ್ತು ಎಂಬುದನ್ನು ಇಂದಿನವರು ಊಹಿಸುವುದು ಕಷ್ಟ. ಸಭೆಯೊಳಗೂ ಜಾತಿ ಪೂರ್ತಿ ಸಾಯಲಿಲ್ಲ ಎಂಬುದು ನಿಜ. ಆದರೆ ಅದು ಪಾಪ ಎಂದು ಗಟ್ಟಿಯಾಗಿ ಹೇಳುವ ಉಪದೇಶವಾದರೂ ಇತ್ತು.

ಕನ್ನಡದ ಸಭಾಪಾಲಕರು ಈ ಹೊತ್ತಿಗೆ ತಮ್ಮ ದನಿ ಕಂಡುಕೊಂಡಿದ್ದರು. 1914ರ ಮಹಾಯುದ್ಧದಲ್ಲಿ ಬ್ರಿಟಿಷ್ ಸರಕಾರ ಬಾಸೆಲ್ ಮಿಷನ್ನಿನ ಜರ್ಮನರನ್ನು ಸೆರೆಯಲ್ಲಿಟ್ಟು ಆಮೇಲೆ ದೇಶ ಬಿಡಿಸಿತು. ಸಭೆಗಳ ಭಾರ ಊರವರ ಹೆಗಲಿಗೆ ಬಿತ್ತು. ಆ ತಲೆಮಾರಿನ ಹಿರಿಯ ಹೆಸರು ಉತ್ತಂಗಿ ಚನ್ನಪ್ಪನವರದು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಬದುಕಿದ ಅವರು ಊರೂರು ತಿರುಗಿ ಸರ್ವಜ್ಞನ ವಚನಗಳನ್ನು ಕೂಡಿಸಿದರು. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂಬುದು ಅವರ ಒಂದು ಪುಸ್ತಕದ ಹೆಸರು. ಬೆತ್ಲೆಹೇಮು ಬನಾರಸಕ್ಕೆ ಅಪ್ಪಣೆ ಕೊಡುವುದಿಲ್ಲ, ವಿನಂತಿ ಮಾಡುತ್ತದೆ. ಆ ಒಂದು ಪದದಲ್ಲಿ ಅವರ ಇಡೀ ಸುವಾರ್ತೆ ಅಡಗಿದೆ. 1949ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ನಾಡು ಅವರನ್ನೇ ಅಧ್ಯಕ್ಷರನ್ನಾಗಿ ಕೂಡ್ರಿಸಿತು. ಕ್ರಿಸ್ತನನ್ನು ಬಿಡದೆ ಕನ್ನಡದವನಾಗಿರುವುದು ಹೇಗೆ ಎಂಬ ಪ್ರಶ್ನೆಗೆ ಅವರ ಬದುಕೇ ಉತ್ತರ.

ಕಥೋಲಿಕರೂ ಈ ದಾರಿ ಹುಡುಕಿದರು. 17ನೆಯ ಶತಮಾನದಲ್ಲೇ ಲಿಯೊನಾರ್ಡೊ ಚಿನ್ನಾಮಿ ಎಂಬ ಇಟಲಿಯ ಜೆಸ್ವಿಟ್ ಶ್ರೀರಂಗಪಟ್ಟಣದ ಸೀಮೆಯಲ್ಲಿ ಸನ್ಯಾಸಿಯಂತೆ ಬದುಕಿ ಕನ್ನಡದಲ್ಲಿ ಬರೆದಿದ್ದ. 20ನೆಯ ಶತಮಾನದಲ್ಲಿ ಗೋವಾದ ಜೆಸ್ವಿಟ್ ಪಾದ್ರಿಗಳು ಬೈಲಹೊಂಗಲ ತಾಲ್ಲೂಕಿನ ದೇಶನೂರಿನಲ್ಲಿ ಕಾವಿ ತೊಟ್ಟು, ಮಾಂಸ ಬಿಟ್ಟು, ಸ್ನಾನಿಕ ಅರುಳಪ್ಪನವರ, ಅಂದರೆ ಸ್ನಾನಿಕ ಯೋಹಾನರ, ಹೆಸರಿನಲ್ಲಿ ವಿರಕ್ತಮಠ ಕಟ್ಟಿದರು. ಊರವರು ಅವರನ್ನು ಕರೆದದ್ದು ಸ್ವಾಮಿಗಳೆಂದೇ. ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್‌ನಲ್ಲಿ ಪೂಜೆಗೆ ಜನರ ಭಾಷೆಯನ್ನು ಒಪ್ಪಿಕೊಂಡಿತು. 1969ರಲ್ಲಿ ಭಾರತದ ಪೂಜೆಗೆ ಆರತಿ, ಕೈಮುಗಿಯುವುದು, ನೆಲದ ಮೇಲೆ ಕೂಡುವುದು ಮೊದಲಾದ 12 ಅಂಶಗಳಿಗೆ ರೋಮ್ ಅನುಮತಿ ನೀಡಿತು. ಲ್ಯಾಟಿನ್ ಹೋಗಿ ಕನ್ನಡ ಬಂತು.

ಹಳೆಯ ಆರಾಧನೆ ಹೇಗಿತ್ತು ಎಂಬುದನ್ನು ಸುಗ್ಗಿ ಹಬ್ಬದ ದಿನ ಕಣ್ಣಾರೆ ಕಾಣಬಹುದು. ಉತ್ತರ ಕರ್ನಾಟಕದ ಹಲವು ಸಭೆಗಳಲ್ಲಿ ಅದು ಇನ್ನೂ ಉಳಿದಿದೆ. ಅಂದು ವೇದಿಕೆಯ ಮುಂದೆ ಜೋಳದ ತೆನೆ, ಗೋವಿನಜೋಳ, ಕಬ್ಬಿನ ಜಲ್ಲೆ, ಕುಂಬಳಕಾಯಿ, ಬಾಳೆಗೊನೆ, ಕಾಲು ಕಟ್ಟಿದ ಕೋಳಿ, ಸೇರಿನಲ್ಲಿ ಅಳೆದ ಕಡಲೆ ಸಾಲಾಗಿ ಕೂಡುತ್ತವೆ. ಹಾರ್ಮೋನಿಯಂ ಶ್ರುತಿ ಹಿಡಿಯುತ್ತದೆ, ತಬಲಾ ತಾಳ ಕೂಡುತ್ತದೆ. ಅಂಚು ಸವೆದು ದಾರದಲ್ಲಿ ಹೊಲಿದ ಸಂಗೀತ ಪುಸ್ತಕವನ್ನು ಹಿಡಿದ ಅಜ್ಜಿ ಪುಟ ನೋಡುವುದೇ ಇಲ್ಲ, ಎಲ್ಲ ಚರಣ ಬಾಯಿಗೆ ಬರುತ್ತದೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜು. ಒಂದು ಕುಂಬಳಕಾಯಿಗೆ ಸಂತೆಯ ಬೆಲೆಗಿಂತ ಹತ್ತು ಪಟ್ಟು ಕೂಗುತ್ತಾರೆ. ಕೊಂಡವನು ಅದನ್ನು ಮತ್ತೆ ಸಭೆಗೇ ಕೊಡುತ್ತಾನೆ, ಮತ್ತೆ ಹರಾಜು ನಡೆಯುತ್ತದೆ. ಬಂದ ಹಣ ಸಭೆಯ ಖರ್ಚಿಗೆ, ಬಡವರಿಗೆ. ಇಲ್ಲಿ ಕೊಡುವವನು ಬೆಳೆ ಬಂದ ಮೇಲೆ ಕೊಡುತ್ತಾನೆ, ಬಂದದ್ದಕ್ಕೆ ಕೃತಜ್ಞನಾಗಿ.

ಈ ಕ್ರಮವೇ ಮುಂದೆ ತಲೆಕೆಳಗಾಯಿತು. ಅಮೆರಿಕದ ಟಿವಿ ಬೋಧಕ ಓರಲ್ ರಾಬರ್ಟ್ಸ್ ಹರಡಿದ ‘ಬೀಜದ ಕಾಣಿಕೆ’ಯ ಬೋಧನೆ ಹೇಳುವುದು ಇಷ್ಟು: ಮೊದಲು ಕೊಡು, ದೇವರು ಅದನ್ನು ಹಲವು ಪಟ್ಟಾಗಿ ಹಿಂದಿರುಗಿಸುತ್ತಾನೆ. ಕೃತಜ್ಞತೆಯ ಕಾಣಿಕೆ ಬರುವ ಲಾಭಕ್ಕೆ ಮುಂಗಡವಾಯಿತು. ಸ್ಯಾಟಲೈಟ್ ಚಾನೆಲ್ಲುಗಳು ಈ ಬೋಧನೆಯನ್ನು ಭಾರತದ ಹಳ್ಳಿಗಳಿಗೂ ತಂದವು. 2005ರ ಜನವರಿಯಲ್ಲಿ ಬೆಂಗಳೂರಿನ ಜಕ್ಕೂರು ವಿಮಾನನೆಲೆಯಲ್ಲಿ ಇದೇ ಬಗೆಯ ಟಿವಿ ಬೋಧಕ ಬೆನ್ನಿ ಹಿನ್ ಮೂರು ದಿನದ ಸಭೆ ನಡೆಸಿದರು. ಪ್ರತಿಭಟನೆ, ಬಂದೋಬಸ್ತು, ಟಿವಿ ಕ್ಯಾಮೆರಾಗಳ ನಡುವೆ ಭಾರೀ ಜನ ಕೂಡಿತು. ಕಾಯಿಲೆ ಹೊತ್ತು ಬಂದ ಬಡವರ ನಂಬಿಕೆಯನ್ನು ಯಾರೂ ಹಗುರಾಗಿ ಕಾಣಬಾರದು. ಆದರೆ ಅಲ್ಲಿ ಕಂಡ ಮಾದರಿ ಮುಂದೆ ಸಣ್ಣ ಊರುಗಳ ಪೆಂಡಾಲಿಗೂ ಇಳಿಯಿತು: ಎತ್ತರದ ವೇದಿಕೆ, ಬಣ್ಣದ ದೀಪ, ನಡುವೆ ಒಬ್ಬನೇ ಬೋಧಕ, ಕೆಳಗೆ ಕತ್ತಲಲ್ಲಿ ಜನ.

ಇಂದು ಅನೇಕ ಸಭೆಗಳಲ್ಲಿ ಕೀಬೋರ್ಡ್, ಪ್ಯಾಡ್, ಮೊದಲೇ ರೆಕಾರ್ಡ್ ಮಾಡಿದ ಟ್ರ್ಯಾಕ್ ಬಂದಿವೆ. ವಾದ್ಯದ ಮೇಲೆ ಸಿಟ್ಟು ಬೇಡ. ಹಾರ್ಮೋನಿಯಂ ಕೂಡ ಒಮ್ಮೆ ಯುರೋಪಿನಿಂದ ಬಂದದ್ದೇ. ನೋವು ಬೇರೆ ಕಡೆ ಇದೆ. ಹಳೆಯ ಸಂಗೀತ ಕಥೆ ಹೇಳುತ್ತಿತ್ತು: ಗೋದಲಿ, ಸಮುದ್ರದ ಬಿರುಗಾಳಿ, ದಾರಿಯಲ್ಲಿ ಬಿದ್ದ ಗಾಯಾಳು, ಶಿಲುಬೆ, ತೆರೆದ ಸಮಾಧಿ. ಅಕ್ಷರ ಬಾರದವನೂ ಐವತ್ತು ಹಾಡು ಕಲಿತರೆ ನಾಲ್ಕು ಸುವಾರ್ತೆಗಳನ್ನೂ ಬಲ್ಲವನಾಗುತ್ತಿದ್ದ. ಹೊಸ ಹಾಡುಗಳಲ್ಲಿ ಹಲವು ಎರಡೇ ಸಾಲನ್ನು ಇಪ್ಪತ್ತು ಸಲ ತಿರುಗಿಸುತ್ತವೆ, ಮತ್ತು ಆ ಎರಡು ಸಾಲೂ ‘ನಾನು’, ‘ನನಗೆ’, ‘ನನ್ನ ಆಶೀರ್ವಾದ’ ಎಂಬಲ್ಲೇ ಸುತ್ತುತ್ತವೆ. ದಾರಿಯಲ್ಲಿ ಬಿದ್ದವನು ಹಾಡಿನಿಂದ ಹೊರಗೆ ಉಳಿದ. ಸದ್ದು ಎಷ್ಟು ಜೋರೆಂದರೆ ಸಭೆಯ ದನಿ ಸಭೆಗೇ ಕೇಳುವುದಿಲ್ಲ. ಹಾಡುವವರು ವೇದಿಕೆಯವರು, ಉಳಿದವರು ಕೇಳುಗರು.

ಯೇಸು ನಜರೇತಿನಲ್ಲಿ ಮೊದಲು ಓದಿದ ಭಾಗ ಬಡವರಿಗೆ ಶುಭವಾರ್ತೆ ಸಾರುವುದರ ಬಗ್ಗೆ. ಶಿಷ್ಯರನ್ನು ಕಳಿಸುವಾಗ ಆತ ಹೇಳಿದ್ದು, ನಿಮಗೆ ಬಿಟ್ಟಿಯಾಗಿ ಬಂದದ್ದನ್ನು ಬಿಟ್ಟಿಯಾಗಿಯೇ ಕೊಡಿರಿ ಎಂದು. ಅದಕ್ಕೂ ಏಳೆಂಟು ನೂರು ವರ್ಷ ಮೊದಲು ಕುರುಬನಾಗಿದ್ದ ಪ್ರವಾದಿ ಆಮೋಸನು, ಬಡವರಿಗೆ ನ್ಯಾಯ ಸಿಗದ ಊರಿನ ಹಾಡು ದೇವರಿಗೆ ಬೇಡವಾದ ಗದ್ದಲ ಎಂದು ಖಂಡಿಸಿದ್ದ. ಆರಾಧನೆಯನ್ನು ಅಳೆಯಲು ಸತ್ಯವೇದವೇ ಕೊಟ್ಟ ಅಳತೆಗೋಲು ಇದು.

ಈ ಎಚ್ಚರಿಕೆ ಹೊರಗಿನವರ ಟೀಕೆಯಲ್ಲ. ಜಗತ್ತಿನ ಸುವಾರ್ತಾ ಸಭೆಗಳನ್ನು ಬೆಸೆಯುವ ಲೋಸಾನ್ ಆಂದೋಲನದ ದೇವಶಾಸ್ತ್ರಜ್ಞರು 2008 ಮತ್ತು 2009ರಲ್ಲಿ ಆಫ್ರಿಕಾದ ಘಾನಾ ದೇಶದ ಅಕ್ರೊಪಾಂಗ್‌ನಲ್ಲಿ ಕೂಡಿ, ಕೊಟ್ಟರೆ ಸಿರಿ ಬರುತ್ತದೆ ಎನ್ನುವ ‘ಸಮೃದ್ಧಿಯ ಬೋಧನೆ’ ಸುವಾರ್ತೆಯನ್ನು ತಿರುಚುತ್ತದೆ ಎಂಬ ಹೇಳಿಕೆ ಹೊರಡಿಸಿದರು. ಅಕ್ರೊಪಾಂಗ್ ಕೂಡ ಬಾಸೆಲ್ ಮಿಷನ್ನಿನ ಹಳೆಯ ಠಾಣೆ. ಮಂಗಳೂರಿಗೆ ಮೂವರು ಬಂದ ಮರುವರ್ಷ, 1835ರಲ್ಲಿ, ಅಲ್ಲಿಗೂ ಅದೇ ಮಿಷನ್ನಿನವರು ಹೋಗಿದ್ದರು. ಇನ್ನು ಸ್ವತಃ ಬೆನ್ನಿ ಹಿನ್ 2019ರಲ್ಲಿ, ಹಣ ಕೊಟ್ಟರೆ ಪವಾಡ ಎನ್ನುವ ಬೋಧನೆಯಿಂದ ತಾನು ಹಿಂದೆ ಸರಿಯುತ್ತಿದ್ದೇನೆ, ಸುವಾರ್ತೆ ಮಾರುವ ವಸ್ತುವಲ್ಲ ಎಂದು ಬಹಿರಂಗವಾಗಿ ಹೇಳಿದರು. ಆದರೆ ಆ ಬೋಧನೆಯನ್ನು ಕಲಿತ ಸಣ್ಣ ಊರಿನ ಬೋಧಕರಿಗೆ ಈ ಸುದ್ದಿ ಎಷ್ಟರ ಮಟ್ಟಿಗೆ ತಲುಪಿದೆ?

ಬೆಳಗಾವಿಯ ಹಳ್ಳಿಗಳಲ್ಲಿ ಇದು ಬರೀ ರುಚಿಯ ಪ್ರಶ್ನೆಯಾಗಿ ಉಳಿದಿಲ್ಲ. 2021ರ ಡಿಸೆಂಬರ್ ಕೊನೆಯಲ್ಲಿ ಮೂಡಲಗಿ ತಾಲ್ಲೂಕಿನ ತುಕ್ಕಾನಟ್ಟಿಯಲ್ಲಿ, ಮನೆಯಲ್ಲಿ ಪ್ರಾರ್ಥನೆ ನಡೆಸುತ್ತಿದ್ದ ದಲಿತ ಕುಟುಂಬವೊಂದರ ಮೇಲೆ ಮತಾಂತರದ ಆರೋಪ ಹೊರಿಸಿ ಹಲ್ಲೆ ನಡೆಯಿತು. ಪೊಲೀಸರು ಪ್ರಕರಣ ದಾಖಲಿಸಿದರು. ಮರುವರ್ಷ ಬಂದ ಮತಾಂತರ ತಡೆ ಕಾಯ್ದೆ ‘ಆಮಿಷ’ ಎಂಬ ಪದಕ್ಕೆ ಉತ್ತಮ ಜೀವನದ ಭರವಸೆಯನ್ನೂ ಸೇರಿಸಿತು. 2023ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಅದನ್ನು ರದ್ದು ಮಾಡಲು ತೀರ್ಮಾನಿಸಿತು. ಯಾರ ಮನೆಯ ಪ್ರಾರ್ಥನೆಗೂ ಏಟು ಬೀಳಬಾರದು, ಅದರಲ್ಲಿ ಎರಡು ಮಾತಿಲ್ಲ. ಆದರೆ ವೇದಿಕೆಯ ಮೇಲೆ ನಿಂತು ಕಾರು, ಬಂಗಲೆ, ವೀಸಾಗಳ ಭರವಸೆ ಕೊಡುವ ಬೋಧಕನು, ಗುಡಿಸಲಲ್ಲಿ ಮೊಣಕಾಲೂರಿ ಪ್ರಾರ್ಥಿಸುವ ಬಡ ಕುಟುಂಬದ ಮೇಲೆಯೇ ಆಮಿಷದ ಆರೋಪ ಬರಲು ದಾರಿ ಮಾಡಿಕೊಡುತ್ತಾನೆ. ಪೆಟ್ಟು ತಿನ್ನುವವರು ಮಾತ್ರ ಬಡವರು.

ಈ ಸೀಮೆಯ ಸಭೆಗಳಲ್ಲಿ ಹಳೆಯ ಸಂಗೀತಗಳನ್ನು ಪುಸ್ತಕ ನೋಡದೆ ಹಾಡಬಲ್ಲ ಹಿರಿಯರು ಇನ್ನೂ ಇದ್ದಾರೆ. ಯಾವ ಸಂಗೀತಕ್ಕೆ ಯಾವ ಭಜನೆಯ ಮಟ್ಟು, ಯಾವುದನ್ನು ಸಾವಿನ ಮನೆಯಲ್ಲಿ ಹಾಡಬೇಕು, ಯಾವುದನ್ನು ಬಿತ್ತುವ ದಿನ ಎಂಬುದು ಅವರಿಗೆ ಗೊತ್ತು. ಅದೆಲ್ಲ ಪುಸ್ತಕದಲ್ಲಿ ಸಿಗುವಂಥದ್ದಲ್ಲ. ಹುಕ್ಕೇರಿ, ಗೋಕಾಕ, ಮೂಡಲಗಿಯ ಸಭೆಗಳ ಹುಡುಗ ಹುಡುಗಿಯರು ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಅವರ ಪಕ್ಕ ಒಂದು ಗಂಟೆ ಕೂಡಲಿ. ಸ್ಪೀಕರ್ ಬಂದ್ ಮಾಡಿ, ಕೈಯಲ್ಲಿರುವ ಮೊಬೈಲಿನಲ್ಲಿ ಆ ದನಿಯನ್ನು ಹಿಡಿದಿಡಲಿ, ಮಾತುಗಳನ್ನು ಬರೆದುಕೊಳ್ಳಲಿ, ಆಮೇಲೆ ಅವರೊಂದಿಗೆ ದನಿಗೂಡಿಸಿ ಹಾಡಲಿ.